ಅಂಗೈಯ ಆಮೆಗೆ ವಾರಸುದಾರರು ಯಾರು?

ದೈತ್ಯ ಆಮೆಯ ಮರಿ ಮಾರುವವರಿಗೆ ಅದರ ಮುಂದಿನ ಎಪ್ಪತ್ತು ವರ್ಷಗಳ ಹೊಣೆ ಬೇಡವಾಗಿದೆ. ಆ ಹೊಣೆ ಯಾರದ್ದು ಎಂಬುದನ್ನು ಮರಿ ಕೈಗೆ ಬರುವ ಮೊದಲೇ ಬರೆಸಿಕೊಳ್ಳಬೇಕು

ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಯೊಂದರಲ್ಲಿ ಪರಿಚಯದವರ ಮನೆಯಿದೆ. ಟೆರೇಸಿಗೆ ಹತ್ತುವ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಪೆನ್ಸಿಲ್ಲಿನ ಎರಡು ಸಾಲು ಗುರುತುಗಳಿವೆ. ಒಂದು, ಮಗನ ಎತ್ತರ. ಇನ್ನೊಂದು, ಅವನ ಆಮೆಯ ತೂಕ. 38 ಗ್ರಾಂನಿಂದ ಶುರುವಾದ ಆಮೆಯ ಸಾಲು 4 ಕೆ.ಜಿ. 900 ಗ್ರಾಂಗೆ ಬಂದು ನಿಂತಿದೆ. ಆಮೆಯ ಬೆಳವಣಿಗೆಯೇನೂ ಅಲ್ಲಿಗೆ ನಿಲ್ಲಲಿಲ್ಲ. ಅಡುಗೆಮನೆಯ ತಕ್ಕಡಿ ತೂಗುತ್ತಿದ್ದದ್ದು ಐದು ಕೆ.ಜಿ.ವರೆಗೆ ಮಾತ್ರ.

ಏಳನೇ ವಯಸ್ಸಿನಲ್ಲಿ ಹುಟ್ಟುಹಬ್ಬಕ್ಕೆಂದು ಆಮೆಮರಿ ಪಡೆದ ಹುಡುಗನಿಗೆ ಈಗ ಹತ್ತೊಂಬತ್ತು. ಓದಲು ಹೊರದೇಶಕ್ಕೆ ಹೋಗಿದ್ದಾನೆ. ಆಮೆ ಟೆರೇಸಿನಲ್ಲಿದೆ. ಇತ್ತೀಚೆಗೆ ಅಲ್ಲಿಗೆ ಹೋದಾಗ ಪಕ್ಕದ ಗುಜರಿ ಅಂಗಡಿಯಿಂದ ತಕ್ಕಡಿ ತರಿಸಿ, ಮೂವರು ಸೇರಿ ಗೋಣಿಚೀಲದಲ್ಲಿ ಎತ್ತಿ ತೂಗಿದೆವು. 34 ಕೆ.ಜಿ. ಬಂತು. ಕೆಳಗಿಳಿಸಿದ ಕೂಡಲೇ ಅದು ನೇರವಾಗಿ ಮೆಟ್ಟಿಲ ಬಾಗಿಲಿಗೆ ಹೋಗಿ ತಲೆ ಒಳಗೆಳೆದುಕೊಂಡು ಚಿಪ್ಪಿನಿಂದ ಗುದ್ದತೊಡಗಿತು. ತಗಡಿನ ಬಾಗಿಲಿನ ಕೆಳಭಾಗ ಒಳಕ್ಕೆ ಬಾಗಿ ಹೋಗಿದೆ. ‘ಬೆಳಿಗ್ಗೆ ಆರಕ್ಕೇ ಶುರು ಮಾಡುತ್ತೆ. ಕೆಳಗಿನ ಮನೆಯವರು ಎಷ್ಟು ದಿನ ಅಂತ ಸಹಿಸ್ಕೋತಾರೆ?’ ಎಂದರು ಯಜಮಾನರು. ಅವರಿಗೆ ಅರವತ್ತೆರಡು ವರ್ಷ, ಎರಡೂ ಮಂಡಿ ನೋವು. ಅವರ ಹೆಂಡತಿ ದಾಸವಾಳದ ಸೊಪ್ಪನ್ನು ಅದರ ಮುಂದಿಡುತ್ತಾ ಕೇಳಿದ ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಉಳಿದುಬಿಟ್ಟಿದೆ: ‘ನಾವು ಹೋದ ಮೇಲೆ ಇದನ್ನ ಯಾರು ನೋಡ್ಕೋತಾರೆ, ಹೇಳಿ?’

ಇದು ಆ ಒಂದು ಮನೆಯ ಪ್ರಶ್ನೆಯಲ್ಲ. ಸಾಕುಪ್ರಾಣಿ ಪೇಟೆಯಲ್ಲಿ ‘ಸಲ್ಕಾಟಾ’ ಎಂದು ಕರೆಯುವ ಈ ಆಮೆ ಆಫ್ರಿಕಾದ್ದು. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನಲ್ಲಿ ಸೆನೆಗಲ್‌ನಿಂದ ಇಥಿಯೋಪಿಯದವರೆಗೆ ಹಬ್ಬಿದ ಒಣ ಪಟ್ಟಿ ಇದರ ತವರು. ಗಾಲಪಗೋಸ್ ಮತ್ತು ಅಲ್ಡಾಬ್ರಾ ದ್ವೀಪಗಳ ದೈತ್ಯ ಆಮೆಗಳನ್ನು ಬಿಟ್ಟರೆ ನೆಲದ ಆಮೆಗಳಲ್ಲಿ ಇದೇ ದೊಡ್ಡದು. ಗಂಡು 40–50 ಕೆ.ಜಿ. ತೂಗುವುದು ಸಾಮಾನ್ಯ, ಅದಕ್ಕೂ ಮೀರಿ ಬೆಳೆಯುವುದುಂಟು. ಆರೈಕೆ ಸರಿಯಿದ್ದರೆ ಎಪ್ಪತ್ತು ವರ್ಷಕ್ಕಿಂತ ಹೆಚ್ಚು ಬದುಕುತ್ತದೆ. ಮೊಟ್ಟೆಯಿಂದ ಹೊರಬಂದಾಗ ಮಾತ್ರ ಐದು ಸೆಂಟಿಮೀಟರ್ ಉದ್ದದ, ಚಿನ್ನದ ಬಣ್ಣದ, ಮುದ್ದಾದ ಮರಿ. ಪೇಟೆ ತೋರಿಸುವುದು ಅದನ್ನೊಂದನ್ನೇ. ಬೆಳೆಯುವ ಪೈರು ಮೊಳಕೆಯಲ್ಲೇ ಗೊತ್ತಾಗುತ್ತದೆ ಎಂಬ ಮಾತು ಈ ಪ್ರಾಣಿಗೆ ಅನ್ವಯಿಸದು. ಮರಿಯಾಗಿದ್ದಾಗ ಅದು ಗಂಡೋ ಹೆಣ್ಣೋ ಎಂದು ಹೇಳುವುದೂ ಕಷ್ಟ. ಅದು ತಿಳಿಯಲು ಎಷ್ಟೋ ವರ್ಷ ಕಾಯಬೇಕು. ಅಷ್ಟರಲ್ಲಿ ಮಾರಿದವನ ಫೋನ್ ನಂಬರ್ ಕೂಡ ಬದಲಾಗಿರುತ್ತದೆ.

ನನ್ನ ಪರಿಚಯದವರಿಗೆ ಅಂಗಡಿಯವನು ಹೇಳಿದ್ದು ಮೂರೇ ಮಾತು: ‘ಟಬ್‌ನಲ್ಲಿ ಇಡಿ, ಸೌತೆಕಾಯಿ ಹಾಕಿ, ತಿಂಗಳಿಗೊಮ್ಮೆ ನೀರು ಬದಲಿಸಿ.’ ಮೂರೂ ತಪ್ಪು. ಇದು ನೀರಿನಲ್ಲಿ ಬದುಕುವ ಆಮೆಯೇ ಅಲ್ಲ. ಇದಕ್ಕೆ ಬೇಕಾದದ್ದು ನಾರಿನಂಶ ಹೆಚ್ಚಿರುವ ಹುಲ್ಲು, ಒಣಹುಲ್ಲು, ಪಾಪಾಸುಕಳ್ಳಿ, ದಾಸವಾಳದಂತಹ ಗಿಡಗಳ ಎಲೆ ಮತ್ತು ಹೂವು. ದಿನಾಲೂ ಕುಡಿಯಲು ಶುದ್ಧ ನೀರು ಬೇಕು. ಸೌತೆ, ಟೊಮೆಟೊ, ಹಣ್ಣುಗಳನ್ನೇ ತಿಂದು ಬೆಳೆದ ಆಮೆಯ ಕರುಳು ಕೆಡುತ್ತದೆ. ಮೈಗೆ ನೇರ ಬಿಸಿಲು ಬೀಳದಿದ್ದರೆ, ಕ್ಯಾಲ್ಸಿಯಂ ಸಾಲದಿದ್ದರೆ ಮೂಳೆ ಮೆತ್ತಗಾಗುತ್ತದೆ. ಮರಿಯಾಗಿದ್ದಾಗ ಸುತ್ತ ತೇವಾಂಶ ಕಡಿಮೆಯಾದರೆ ಚಿಪ್ಪಿನ ಒಂದೊಂದು ಫಲಕವೂ ಗೋಪುರದಂತೆ ಎದ್ದು ನಿಲ್ಲುತ್ತದೆ. ಹಾಗೆ ವಿಕಾರಗೊಂಡ ಚಿಪ್ಪು ಮತ್ತೆ ನುಣುಪಾಗದು. ಆ ಟೆರೇಸಿನ ಆಮೆಯ ಬೆನ್ನ ಮೇಲೆ ಕೈಯಾಡಿಸಿದರೆ ಮೊದಲ ಮೂರು ವರ್ಷಗಳ ಅಜ್ಞಾನ ಬೆರಳಿಗೆ ತಗಲುತ್ತದೆ. ಹದಿಮೂರು ಫಲಕಗಳು, ಹದಿಮೂರು ದಿಬ್ಬಗಳು.

ಹವೆಯ ಮಾತೂ ಅಷ್ಟೇ ಮುಖ್ಯ. ಈ ಆಮೆ ಚಳಿನಿದ್ದೆಗೆ ಹೋಗುವುದಿಲ್ಲ. ಬಿಸಿಲು ತಡೆಯಲಾಗದಾಗ, ರಾತ್ರಿ ತಂಪಾದಾಗ ತಾನೇ ತೋಡಿದ ಬಿಲದಲ್ಲಿ ಮೀಟರುಗಟ್ಟಲೆ ಕೆಳಗಿಳಿದು ಆಶ್ರಯ ಪಡೆಯುತ್ತದೆ. ತೋಡುವುದು ಇದರ ಹುಟ್ಟುಗುಣ. ಮಣ್ಣು ಸಿಕ್ಕರೆ ಕಾಂಪೌಂಡಿನ ಪಾಯವನ್ನೇ ಸಡಿಲಿಸುತ್ತದೆ; ಸಿಮೆಂಟಿನ ಟೆರೇಸಿನಲ್ಲಿಟ್ಟರೆ ಬಾಗಿಲು ಗುದ್ದುತ್ತದೆ. ಬೆಂಗಳೂರಿನ ಜಡಿಮಳೆ, ಡಿಸೆಂಬರ್‌ನ ರಾತ್ರಿಗಳು ಇದಕ್ಕೆ ಒಗ್ಗುವುದಿಲ್ಲ. ಒದ್ದೆ ಮತ್ತು ಚಳಿ ಎರಡೂ ಸೇರಿದರೆ ಶ್ವಾಸಕೋಶದ ಸೋಂಕು ಬರುತ್ತದೆ. ನಾಯಿ, ಬೆಕ್ಕು, ಹಸು ನೋಡುವ ಪಶುವೈದ್ಯರು ಎಲ್ಲೆಡೆ ಇದ್ದಾರೆ. ಆಮೆಯ ಎದೆಯ ಎಕ್ಸ್‌ರೇ ನೋಡಿ ಚಿಕಿತ್ಸೆ ಹೇಳಬಲ್ಲವರನ್ನು ಮಹಾನಗರದಲ್ಲೂ ಹುಡುಕಿಕೊಂಡು ಹೋಗಬೇಕು.

ಇಷ್ಟಾದರೂ ಆರೈಕೆಯನ್ನು ಕಲಿಯಬಹುದು, ಜಾಗವನ್ನು ಹೊಂದಿಸಬಹುದು. ಹೊಂದಿಸಲಾಗದ್ದು ಆಯಸ್ಸನ್ನು. ಸೇಂಟ್ ಹೆಲೆನಾ ದ್ವೀಪದಲ್ಲಿ ಗವರ್ನರ್ ನಿವಾಸದ ಹುಲ್ಲುಹಾಸಿನ ಮೇಲಿರುವ ‘ಜೊನಾಥನ್’ ಎಂಬ ಆಮೆ ಅಲ್ಲಿಗೆ ಬಂದದ್ದು 1882ರಲ್ಲಿ. ಕೋಲ್ಕತ್ತದ ಅಲಿಪುರ ಮೃಗಾಲಯದ ‘ಅದ್ವೈತ’ ತೀರಿಕೊಂಡದ್ದು 2006ರಲ್ಲಿ. ಹತ್ತೊಂಬತ್ತನೇ ಶತಮಾನದಲ್ಲೇ ಅದು ಆ ಮೃಗಾಲಯ ಸೇರಿತ್ತು. ಇವೆರಡೂ ಸಲ್ಕಾಟಾಗಿಂತ ದೊಡ್ಡ ಜಾತಿಯವು, ಬದುಕಿದ್ದೂ ಹೆಚ್ಚು. ಆದರೆ ಅವುಗಳ ದೀರ್ಘಾಯುಷ್ಯದ ಹಿಂದೆ ನಾವು ಗಮನಿಸದ ಒಂದು ಸಂಗತಿಯಿದೆ. ಇವು ಒಬ್ಬ ವ್ಯಕ್ತಿಯ ಪ್ರೀತಿಯನ್ನೇ ನೆಚ್ಚಿಕೊಂಡು ಬದುಕಲಿಲ್ಲ. ಒಬ್ಬ ಗವರ್ನರ್ ಹೋದರೆ ಇನ್ನೊಬ್ಬರು ಬಂದರು, ಒಬ್ಬ ಪಾಲಕ ನಿವೃತ್ತನಾದರೆ ಇನ್ನೊಬ್ಬ ಸೊಪ್ಪು ತಂದಿಟ್ಟ. ಮನುಷ್ಯರು ಬದಲಾದರೂ ಹೊಣೆ ಕೈತಪ್ಪಲಿಲ್ಲ. ಕುಟುಂಬವೊಂದು ದೈತ್ಯ ಆಮೆಯನ್ನು ತಂದಾಗ ಈ ವ್ಯವಸ್ಥೆ ಇರುವುದಿಲ್ಲ. ನಲವತ್ತರ ತಂದೆ ಏಳರ ಮಗನಿಗೆ ಕೊಡಿಸುವ ಮರಿ, ಆ ಮಗನ ಮುಪ್ಪನ್ನೂ ನೋಡಬಲ್ಲದು.

ಕಾನೂನು ಎಲ್ಲಿದೆ ಎಂದು ಕೇಳಬಹುದು. ನಮ್ಮದೇ ನಕ್ಷತ್ರ ಆಮೆಯ ವಿಷಯದಲ್ಲಿ ಅದು ಸ್ಪಷ್ಟವಾಗಿದೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕುರುಚಲು ಬಯಲಿನ ಈ ಪುಟ್ಟ ಆಮೆಯನ್ನು 2019ರಲ್ಲಿ, ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ‘ಸೈಟ್ಸ್’ ಒಪ್ಪಂದದ ಮೊದಲ ಪಟ್ಟಿಗೆ ಸೇರಿಸಲಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ ಇದನ್ನು ಒಂದನೇ ಅನುಸೂಚಿಗೆ ತಂದಿತು. ಮನೆಯಲ್ಲಿಟ್ಟುಕೊಂಡರೂ ಅಪರಾಧ, ಶಿಕ್ಷೆ ಕನಿಷ್ಠ 3ರಿಂದ ಗರಿಷ್ಠ 7 ವರ್ಷ ಜೈಲು. ಕಳ್ಳಸಾಗಣೆಯಾಗಿ ಸಿಂಗಪುರ ಸೇರಿದ್ದ 51 ನಕ್ಷತ್ರ ಆಮೆಗಳನ್ನು 2018ರ ನವೆಂಬರ್‌ನಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ವಾಪಸು ತರಲಾಗಿತ್ತು. ಕದ್ದೊಯ್ಯುವುದು ಎಷ್ಟು ಸುಲಭ, ಹಿಂದಕ್ಕೆ ತರುವುದು ಎಷ್ಟು ಕಷ್ಟ ಎಂಬುದಕ್ಕೆ ಆ ಒಂದು ಪ್ರಯಾಣ ಸಾಕ್ಷಿ.

ಸಲ್ಕಾಟಾದಂತಹ ವಿದೇಶಿ ಪ್ರಾಣಿಗಳ ಕಥೆ ಬೇರೆ. ಇವುಗಳನ್ನು ಸಾಕಲು ನಿಷೇಧವಿಲ್ಲ, ನೋಂದಣಿ ಕಡ್ಡಾಯ. 2024ರ ಫೆಬ್ರುವರಿಯಲ್ಲಿ ಹೊರಬಂದ ನಿಯಮಗಳ ಪ್ರಕಾರ, ಸೈಟ್ಸ್ ಪಟ್ಟಿಯಲ್ಲಿರುವ ಜೀವಂತ ಪ್ರಾಣಿಯನ್ನು ಇಟ್ಟುಕೊಂಡವರು ಕೇಂದ್ರ ಸರ್ಕಾರದ ‘ಪರಿವೇಶ್’ ಪೋರ್ಟಲ್‌ನಲ್ಲಿ ವಿವರ ಸಲ್ಲಿಸಬೇಕು. ಆಗಲೇ ಸಾಕಿಕೊಂಡಿದ್ದವರಿಗೆ ಆರು ತಿಂಗಳ ಗಡುವು ನೀಡಲಾಗಿತ್ತು. ಹುಟ್ಟು, ಸಾವು, ಹಸ್ತಾಂತರ ಎಲ್ಲವನ್ನೂ ತಿಳಿಸಬೇಕು. ಇದು ದೊಡ್ಡ ಹೆಜ್ಜೆ, ಸಂದೇಹವಿಲ್ಲ. ಅಲ್ಲಿಯವರೆಗೆ ಯಾರ ಮನೆಯಲ್ಲಿ ಯಾವ ದೇಶದ ಯಾವ ಪ್ರಾಣಿಯಿದೆ ಎಂಬ ಲೆಕ್ಕವೇ ಸರಿಯಾಗಿ ಇರಲಿಲ್ಲ. ಆದರೆ ನೋಂದಣಿ ಹೇಳುವುದು ಪ್ರಾಣಿ ಇವತ್ತು ಯಾರ ಬಳಿ ಇದೆ ಎಂಬುದನ್ನು. ಸಾಕಲಾರದವರು ಅದನ್ನು ಎಲ್ಲಿ ಒಪ್ಪಿಸಬೇಕು, ಸಾಕಿದವರು ತೀರಿಕೊಂಡರೆ ಅದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗಳಿಗೆ ಟೆರೇಸಿನಲ್ಲಿ ನಿಂತ ಆ ದಂಪತಿಗೆ ಉತ್ತರ ಸಿಕ್ಕಿಲ್ಲ.

ಉತ್ತರ ಸಿಗದಿದ್ದಾಗ ಜನ ಏನು ಮಾಡುತ್ತಾರೆ ಎಂಬುದನ್ನು ನಮ್ಮ ಕೆರೆಗಳು ಆಗಲೇ ತೋರಿಸಿವೆ. ಕೆನ್ನೆಯ ಮೇಲೆ ಕೆಂಪು ಪಟ್ಟೆಯಿರುವ ಅಮೆರಿಕದ ‘ರೆಡ್ ಇಯರ್ಡ್ ಸ್ಲೈಡರ್’ ಆಮೆಯೂ ನಾಣ್ಯದಷ್ಟು ಚಿಕ್ಕದಿದ್ದಾಗ ಗಾಜಿನ ತೊಟ್ಟಿಗಳಲ್ಲಿ ಮಾರಾಟವಾಯಿತು. ತಟ್ಟೆಯಷ್ಟಾದಾಗ ಕೆರೆ, ಕಲ್ಯಾಣಿ ಸೇರಿತು. ಇವತ್ತು ಅದು ಜಗತ್ತಿನ 100 ಅತಿ ಹಾನಿಕಾರಕ ಆಕ್ರಮಣಕಾರಿ ಪ್ರಭೇದಗಳ ಪಟ್ಟಿಯಲ್ಲಿದೆ. ‘ಪಾಪ, ಸ್ವತಂತ್ರವಾಗಿ ಬದುಕಲಿ’ ಎಂದು ಸಲ್ಕಾಟಾವನ್ನು ಬಯಲಿಗೆ ಬಿಡುವುದೂ ಪುಣ್ಯದ ಕೆಲಸವಲ್ಲ. ಮಳೆಗಾಲದಲ್ಲಿ ಅದು ನರಳಿ ಸಾಯಬಹುದು. ಸಾಯುವ ಮೊದಲು ತನ್ನ ರೋಗವನ್ನು ನಕ್ಷತ್ರ ಆಮೆಗಳಿಗೆ ದಾಟಿಸಬಹುದು.

ಆಮೆ ಪ್ರಿಯರದ್ದೊಂದು ವಾದವಿದೆ: ‘ಇವು ಮನೆಯಲ್ಲೇ ಹುಟ್ಟಿದ ಮರಿಗಳು. ಕಾಡಿಗೆ ನಷ್ಟವಿಲ್ಲ. ತವರಿನಲ್ಲಿ ಅಳಿಯುತ್ತಿರುವ ಜೀವಿಯನ್ನು ನಾವು ಉಳಿಸುತ್ತಿದ್ದೇವೆ.’ ಇದರಲ್ಲಿ ಅರ್ಧ ನಿಜವಿದೆ. ಕಾಡಿನಿಂದ ಹಿಡಿದ ಸಲ್ಕಾಟಾಗಳ ವಾಣಿಜ್ಯ ರಫ್ತಿಗೆ 2000ದಿಂದ ಸೊನ್ನೆ ಕೋಟಾ ಇದೆ. ಪೇಟೆಯಲ್ಲಿರುವುದು ಬಹುಪಾಲು ಸಾಕಣೆಯ ಮರಿಗಳೇ. ಆದರೆ ಯಾವ ನಾಡಿನ ಯಾವ ವಂಶದ್ದೆಂದು ತಿಳಿಯದ, ಯಾವ ರೋಗ ಹೊತ್ತಿದೆಯೆಂದು ತಿಳಿಯದ ಆಮೆಯನ್ನು ಆಫ್ರಿಕಾದ ಕಾಡಿಗೆ ಮರಳಿಸಲಾಗದು. ಉಳಿಸುವ ಕೆಲಸ ನಡೆಯುತ್ತಿರುವುದು ಸೆನೆಗಲ್‌ನಲ್ಲಿ. ಡಾಕರ್ ಸಮೀಪದ ನೊಫ್ಲಾಯ್ ಎಂಬಲ್ಲಿ ಆಮೆಗಳ ಆರೈಕೆ ಕೇಂದ್ರವಿದೆ. ಅಲ್ಲಿ ಸಾಕಿದ ಆಮೆಗಳನ್ನು ಫೆರ್ಲೊ ಪ್ರದೇಶದ ರಕ್ಷಿತಾರಣ್ಯಕ್ಕೆ ಬಿಡುವ ಯತ್ನ ನಡೆದಿದೆ. ಸಂರಕ್ಷಣೆಯ ಹೆಸರಿನಲ್ಲಿ ಖರ್ಚು ಮಾಡಬೇಕೆನ್ನುವವರ ಹಣ ಅಂಥ ಕಡೆ ಹೋಗಲಿ.

ಅಮೆರಿಕದ ಅನುಭವದಿಂದ ನಾವು ಕಲಿಯಬೇಕಾದದ್ದು ಎರಡಿದೆ. ಅಲ್ಲಿ ಸಲ್ಕಾಟಾ ಮರಿ ಮಾಡಿಸುವುದಕ್ಕೆ ಲಂಗುಲಗಾಮಿರಲಿಲ್ಲ. ಹೆಣ್ಣು ಒಂದು ಸಲಕ್ಕೆ ಹದಿನೈದರಿಂದ ಮೂವತ್ತು ಮೊಟ್ಟೆ ಇಡುತ್ತದೆ, ವರ್ಷಕ್ಕೆ ಹಲವು ಸಲ. ಫಲವಾಗಿ ಅರಿಜೋನಾ, ಕ್ಯಾಲಿಫೋರ್ನಿಯಾದ ಆಶ್ರಯ ಕೇಂದ್ರಗಳು ಬೇಡವಾದ ದೊಡ್ಡ ಆಮೆಗಳಿಂದ ತುಂಬಿವೆ. ಅದೇ ಅರಿಜೋನಾದಲ್ಲಿ ಸ್ಥಳೀಯ ಮರುಭೂಮಿ ಆಮೆಗೆ ಬೇರೆಯೇ ನಿಯಮ. ಅದನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಸಾಕಲಾಗದೆ ಬಂದ ಆಮೆಗಳನ್ನು ರಾಜ್ಯದ ವನ್ಯಜೀವಿ ಇಲಾಖೆಯ ಕಾರ್ಯಕ್ರಮದ ಮೂಲಕ ದತ್ತು ಪಡೆಯಬಹುದು. ಅಂಗಳ, ಬೇಲಿ, ಬಿಲ ಸಿದ್ಧವಿರಬೇಕು. ಮರಿ ಮಾಡಿಸುವಂತಿಲ್ಲ. ಒಂದೇ ಊರು, ಒಂದೇ ಬಿಸಿಲು. ಒಂದು ಆಮೆಗೆ ಪೇಟೆ, ಇನ್ನೊಂದಕ್ಕೆ ವ್ಯವಸ್ಥೆ.

ಎರಡನೆಯದು, 1975ರಿಂದ ಅಲ್ಲಿರುವ ಇನ್ನೊಂದು ನಿಯಮ. ಚಿಪ್ಪು ನಾಲ್ಕು ಇಂಚಿಗಿಂತ ಚಿಕ್ಕದಿರುವ ಆಮೆಗಳನ್ನು ಸಾಕುಪ್ರಾಣಿಯಾಗಿ ಮಾರುವಂತಿಲ್ಲ. ಮಕ್ಕಳು ಪುಟ್ಟ ಆಮೆಗಳನ್ನು ಬಾಯಿಗಿಟ್ಟುಕೊಂಡು ಸಾಲ್ಮೊನೆಲ್ಲಾ ಸೋಂಕಿಗೆ ತುತ್ತಾಗುತ್ತಿದ್ದುದು ಅದಕ್ಕೆ ಕಾರಣ. ಉಲ್ಲಂಘನೆ ಅಲ್ಲೂ ಇದೆ. ಆದರೆ ಅಳತೆಯ ಮೇಲೆ ಮಾರಾಟ ನಿಯಂತ್ರಿಸುವ ತತ್ವ ನಮಗೂ ಉಪಯೋಗಕ್ಕೆ ಬರುತ್ತದೆ.

ನಮ್ಮಲ್ಲಿ ಆಗಬೇಕಾದದ್ದು ಇಷ್ಟು. ಒಂದು, ದೈತ್ಯವಾಗಿ ಬೆಳೆಯುವ ಆಮೆಗಳನ್ನು ಅಂಗೈ ಗಾತ್ರದಲ್ಲಿ ಮಾರುವುದನ್ನು ನಿಷೇಧಿಸಬೇಕು. ನಾಲ್ಕೈದು ವರ್ಷ ತಾನೇ ಸಾಕಿ ಮಾರಬೇಕಾಗಿ ಬಂದರೆ ಮರಿ ಮಾಡಿಸುವವನೂ ನೂರು ಸಲ ಯೋಚಿಸುತ್ತಾನೆ, ಕೊಳ್ಳುವವನ ಕಣ್ಣಿಗೂ ಗಾತ್ರ ಬೀಳುತ್ತದೆ. ಎರಡು, ನೋಂದಣಿಯ ಅರ್ಜಿಯಲ್ಲಿ ವಾರಸುದಾರರ ಹೆಸರು, ಸಹಿ ಕಡ್ಡಾಯವಾಗಬೇಕು. ಬ್ಯಾಂಕಿನ ಸಾವಿರ ರೂಪಾಯಿ ಖಾತೆಗೂ ನಾಮಿನಿ ಕೇಳುವ ದೇಶದಲ್ಲಿ ಎಪ್ಪತ್ತು ವರ್ಷದ ಜೀವಕ್ಕೆ ನಾಮಿನಿ ಬೇಡವೇ? ಮೂರು, ಸಾಕಲಾಗದವರು ಭಯವಿಲ್ಲದೆ ಒಪ್ಪಿಸಬಹುದಾದ ಕೇಂದ್ರವೊಂದನ್ನು ಕರ್ನಾಟಕ ಮೃಗಾಲಯ ಪ್ರಾಧಿಕಾರದ ಉಸ್ತುವಾರಿಯಲ್ಲಿ ತೆರೆಯಬೇಕು. ಅದರ ಖರ್ಚು ಮಾರಾಟಗಾರರಿಂದ ಬರಬೇಕು. ಅಲ್ಲಿಗೆ ಬಂದ ಬೆಳೆದ ಆಮೆಗಳನ್ನು ಬಿಸಿಲು, ಬಯಲು, ಬೇಲಿ ಮೂರೂ ಇರುವವರಿಗೆ ಪರಿಶೀಲಿಸಿ ದತ್ತು ಕೊಡಬೇಕು.

ಓದುಗರಲ್ಲಿ ಯಾರಾದರೂ ಮಗುವಿನ ಆಸೆಗೆ ಆಮೆ ತರುವ ಯೋಚನೆಯಲ್ಲಿದ್ದರೆ, ದಯವಿಟ್ಟು ಮರಿ ಕೊಳ್ಳಬೇಡಿ. ತೋಟವಿದ್ದು, ಬೆಳೆದ ಮಕ್ಕಳು ಹೊಣೆ ಹೊರಲು ಒಪ್ಪಿದ್ದರೆ, ಬೇರೆಯವರು ಸಾಕಲಾಗದೆ ಬಿಡುತ್ತಿರುವ ನೋಂದಾಯಿತ ಆಮೆಯನ್ನು ಕಾನೂನುಬದ್ಧವಾಗಿ ಪಡೆಯಿರಿ. ಅದರ ಗಾತ್ರ, ಲಿಂಗ, ಸ್ವಭಾವ ಎಲ್ಲವೂ ಕಣ್ಣೆದುರೇ ಇರುತ್ತದೆ. ಅಷ್ಟು ಅನುಕೂಲವಿಲ್ಲದವರಿಗೆ ಮೈಸೂರು ಮೃಗಾಲಯದ ದತ್ತು ಯೋಜನೆ ಇದೆ. ಪ್ರಾಣಿಯ ವರ್ಷದ ಊಟದ ಖರ್ಚು ನಿಮ್ಮದು, ಪಾಲನೆ ಅವರದು. 1892ರಿಂದ ನಡೆದುಬಂದಿರುವ ಸಂಸ್ಥೆಗೆ ನಮ್ಮ ನಿಮ್ಮ ಆಯಸ್ಸಿನ ಮಿತಿಯಿಲ್ಲ.

ಟೆರೇಸಿನ ಆ ಆಮೆಗೆ ಜಾಗ ಹುಡುಕುವ ಕೆಲಸ ಇನ್ನೂ ಮುಗಿದಿಲ್ಲ. ಅಂದು ತೂಗಿ ಆದ ಮೇಲೆ ಯಜಮಾನರು ಪೆನ್ಸಿಲ್ ತಂದು, ನಿಂತುಹೋಗಿದ್ದ ಸಾಲಿನ ಮುಂದೆ ‘34’ ಎಂದು ಬರೆದರು. ಪಕ್ಕದಲ್ಲಿ ತಾರೀಖು ಹಾಕಿ, ಫೋಟೊ ತೆಗೆದು ಮಗನಿಗೆ ಕಳಿಸಿದರು. ಕೆಳಗೆ ಒಂದೇ ಸಾಲು ಸೇರಿಸಿದ್ದರು: ‘ಮುಂದಿನದು ನೀನು ಬರೆಯಬೇಕು ಮಗ.’