ಪಿಂಚಣಿ ಹಣದಲ್ಲಿ ಫುಕೆಟ್ ದ್ವೀಪದಲ್ಲಿ ನೆಲೆಸಬಹುದೇ?

‘50 ದಾಟಿದವರಿಗೆ ಥಾಯ್ಲೆಂಡ್ ವೀಸಾ, ಫುಕೆಟ್ ದ್ವೀಪದಲ್ಲಿ ಪಿಂಚಣಿಯಲ್ಲೇ ಆರಾಮ ಜೀವನ’ ಎಂಬ ಧಾಟಿಯ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ.

ನಿವೃತ್ತರಿಗೆ ಅಂಥ ವೀಸಾ ನಿಜಕ್ಕೂ ಇದೆ. ಆದರೆ ವರ್ಷಪೂರ್ತಿ ಇರಲು ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಒಂದು ಬಾತ್‌ಗೆ ಎರಡೂವರೆ ರೂಪಾಯಿ ಹಿಡಿದರೂ ಠೇವಣಿ 20 ಲಕ್ಷ, ಆದಾಯವಾದರೆ ತಿಂಗಳಿಗೆ 1.62 ಲಕ್ಷ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಶಾಲೆಗಳಿಂದ ನಿವೃತ್ತರಾದ ಎಷ್ಟು ಮಾಸ್ತರರಿಗೆ ಅಷ್ಟು ಪಿಂಚಣಿ ಬರುತ್ತದೆ? ‘ಅಗ್ಗ’ ಎನ್ನುವುದು ಡಾಲರ್, ಯೂರೋದಲ್ಲಿ ಪಿಂಚಣಿ ಪಡೆಯುವವರ ಲೆಕ್ಕ.

ಆ ವೀಸಾದಲ್ಲಿ ದುಡಿಯುವಂತಿಲ್ಲ. ಪ್ರತಿ ವರ್ಷ ನವೀಕರಿಸಬೇಕು, 90 ದಿನಕ್ಕೊಮ್ಮೆ ವಿಳಾಸ ತಿಳಿಸಬೇಕು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಆಸ್ಪತ್ರೆ ಖರ್ಚು. 70 ದಾಟಿದವರಿಗಾಗಿ ಕೇಂದ್ರ ಸರ್ಕಾರ 2024ರಲ್ಲಿ ವಿಸ್ತರಿಸಿದ ಆಯುಷ್ಮಾನ್ ಯೋಜನೆಯ 5 ಲಕ್ಷ ರೂ. ಚಿಕಿತ್ಸೆ ಭಾರತದ ನೋಂದಾಯಿತ ಆಸ್ಪತ್ರೆಗಳಲ್ಲಿ ಮಾತ್ರ. ಫುಕೆಟ್‌ನಲ್ಲಿ ಜಾರಿಬಿದ್ದು ಸೊಂಟ ಮುರಿದರೆ, ಬೇರೆ ವಿಮೆ ಇಲ್ಲದಿದ್ದಲ್ಲಿ ಬಿಲ್ ಪೂರ್ತಿ ನಿಮ್ಮದೇ.

ಸಂದೇಶದ ಕೆಳಗೆ ‘ನೋಂದಣಿ ಶುಲ್ಕ’ ಕೇಳುವ ಲಿಂಕ್ ಇದ್ದರೆ ಒತ್ತಬೇಡಿ. ಈಗಾಗಲೇ ಹಣ ಕಟ್ಟಿ ಮೋಸಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.