ತುಂಬದ ಇಂಗುಗುಂಡಿಯನ್ನು ನಂಬಬಹುದೇ?

ಮನೆ ಕಟ್ಟಿಸುವವರು ಸೆಪ್ಟಿಕ್ ಟ್ಯಾಂಕಿನ ಉದ್ದಗಲದ ಬಗ್ಗೆ ಮೇಸ್ತ್ರಿಯ ಹತ್ತಿರ ನಾಲ್ಕು ಸಲ ವಿಚಾರಿಸುತ್ತಾರೆ. ಟ್ಯಾಂಕಿನಿಂದ ಹೊರಬೀಳುವ ನೀರನ್ನು ಹೀರಬೇಕಾದ ಮಣ್ಣು ಎಂಥದ್ದು ಎಂದು ಕೇಳುವವರು ಅಪರೂಪ. ಟ್ಯಾಂಕಿನಲ್ಲಿ ಆಗುವುದು ಅರ್ಧ ಕೆಲಸ ಮಾತ್ರ: ಗಸಿ ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ. ನಡುವಿನಿಂದ ಹರಿದುಹೋಗುವ ನೀರಿನಲ್ಲಿ ರೋಗಾಣುಗಳು ಇದ್ದೇ ಇರುತ್ತವೆ. ಅವನ್ನು ತಡೆದು ನಾಶಮಾಡುವುದು ಇಂಗುಗುಂಡಿಯ ಸುತ್ತಲಿನ ಮಣ್ಣು. ಅದಕ್ಕೆ ನೀರು ನಿಧಾನವಾಗಿ ಇಳಿಯಬೇಕು, ಮಣ್ಣಿನ ಸಂದುಗಳಲ್ಲಿ ಗಾಳಿಯೂ ಇರಬೇಕು.

‘ನಮ್ಮ ಗುಂಡಿ ಇಷ್ಟು ವರ್ಷವಾದರೂ ತುಂಬಿಲ್ಲ’ ಎಂಬ ಮಾತನ್ನು ಹೆಮ್ಮೆಯಿಂದ ಹೇಳುವುದುಂಟು. ಕರಾವಳಿಯ ಮುರಕಲ್ಲಿನ ನೆಲದಲ್ಲಿ ಈ ಮಾತು ಕೇಳಿದರೆ ನನಗೆ ಆತಂಕವಾಗುತ್ತದೆ. ಮುರಕಲ್ಲಿನ ತುಂಬ ತೂತುಗಳು, ಬಿರುಕುಗಳು. ನೀರು ಸೋಸಿಕೊಳ್ಳುವ ಮೊದಲೇ ಅವುಗಳೊಳಗೆ ಹರಿದುಬಿಡುತ್ತದೆ. ಅದೇ ಕಲ್ಲಿನಲ್ಲಿ ಕೊರೆದ ಕುಡಿಯುವ ನೀರಿನ ಬಾವಿ ಅಲ್ಲೇ ಪಕ್ಕದಲ್ಲಿರುತ್ತದೆ.

ಎರೆ ನೆಲದ ಕಷ್ಟ ಇದಕ್ಕೆ ತದ್ವಿರುದ್ಧ. ಗದಗ, ವಿಜಯಪುರದ ಕಡೆ ಬೇಸಿಗೆಯಲ್ಲಿ ಗುಂಡಿ ತೋಡಿ ನೀರು ಸುರಿದರೆ ಬಾಯ್ಬಿಟ್ಟ ಬಿರುಕುಗಳಲ್ಲಿ ಕ್ಷಣದಲ್ಲಿ ಮಾಯವಾಗುತ್ತದೆ. ಮಳೆ ಬಿದ್ದು ಮಣ್ಣು ಉಬ್ಬಿತೆಂದರೆ ಬಿರುಕು ಮುಚ್ಚಿ, ಹೊಲಸು ನೀರು ಅಂಗಳಕ್ಕೇ ಬರುತ್ತದೆ.

ಅದಕ್ಕೇ ಒಣಮಣ್ಣಿನ ಪರೀಕ್ಷೆಯನ್ನು ನೆಚ್ಚಿಕೊಳ್ಳಬಾರದು. ಭಾರತೀಯ ಮಾನಕ ಬ್ಯೂರೊದ ಐಎಸ್ 2470 ಸಂಹಿತೆಯ ಎರಡನೇ ಭಾಗ ಸರಳ ದಾರಿಯೊಂದನ್ನು ಹೇಳುತ್ತದೆ. ನೀರು ಇಂಗಿಸಬೇಕೆಂದಿರುವ ಆಳದವರೆಗೆ 10ರಿಂದ 30 ಸೆಂ.ಮೀ. ಅಗಲದ ಕುಳಿ ತೋಡಬೇಕು. ಹಾರೆಯ ಏಟಿಗೆ ಗೋಡೆಯ ಮಣ್ಣು ನುಣುಪಾಗಿ ಮೆತ್ತಿಕೊಂಡಿರುತ್ತದೆ. ಚೂಪಾದ ಸಲಕರಣೆಯಿಂದ ಅದನ್ನು ಕೆರೆದು ಒರಟಾಗಿಸಬೇಕು. ತಳಕ್ಕೆ 5 ಸೆಂ.ಮೀ. ದಪ್ಪ ಮರಳೋ ಜಲ್ಲಿಯೋ ಹಾಕಿ, ಅದರ ಮೇಲೆ 30 ಸೆಂ.ಮೀ. ನೀರು ನಿಲ್ಲಿಸಿ ಒಂದು ದಿನ ನೆನೆಯಲು ಬಿಡಬೇಕು. ಮರುದಿನ ನೀರನ್ನು 15 ಸೆಂ.ಮೀ. ಮಟ್ಟಕ್ಕೆ ತಂದು, ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತೆಂದು ಸ್ಕೇಲಿನಿಂದ ಅಳೆಯಬೇಕು. ರಾತ್ರಿಯೇ ಎಲ್ಲ ಇಂಗಿಹೋಗಿದ್ದರೆ ಮತ್ತೆ ಮತ್ತೆ ತುಂಬಿಸಿ ನಾಲ್ಕು ಗಂಟೆ ಅಳೆದು, ಕೊನೆಯ ಅರ್ಧ ಗಂಟೆಯ ಲೆಕ್ಕ ಹಿಡಿಯಬೇಕು.

ನೀರು 2.5 ಸೆಂ.ಮೀ. ಇಳಿಯಲು 30 ನಿಮಿಷದೊಳಗೆ ಸಾಕಾದರೆ ಇಂಗುಗುಂಡಿ ಆಗಬಹುದು. 60 ನಿಮಿಷದವರೆಗೆ ಹಿಡಿದರೆ ಗುಂಡಿ ಬೇಡ, ನೀರನ್ನು ಉದ್ದಕ್ಕೆ ಹಂಚುವ ಜಲ್ಲಿಯ ಕಾಲುವೆ ಬೇಕು. ಅದಕ್ಕೂ ಮೀರಿದರೆ ಆ ಮಣ್ಣನ್ನು ನಂಬುವಂತಿಲ್ಲ. ಟ್ಯಾಂಕಿನ ಮುಂದೆ ಬೇರೆ ಫಿಲ್ಟರ್ ಕಟ್ಟಿಸಬೇಕಾಗುತ್ತದೆ.

ಕುಳಿಯ ಗೋಡೆಯನ್ನು ಕಣ್ಣಿನಿಂದಲೂ ಓದಬಹುದು. ಕೆಮ್ಮಣ್ಣಿನ ನಡುವೆ ಬೂದು ಬಣ್ಣದ ಕಲೆ, ಅಂಚಿನಲ್ಲಿ ತುಕ್ಕಿನ ಗೆರೆ ಕಂಡರೆ ಮಳೆಗಾಲದಲ್ಲಿ ಆ ಮಟ್ಟದವರೆಗೂ ನೀರು ನಿಲ್ಲುತ್ತದೆಂದೇ ಸಾಮಾನ್ಯವಾಗಿ ಅರ್ಥ. ನೀರು ನಿಂತ ಮಣ್ಣಿನಲ್ಲಿ ಗಾಳಿಯಿಲ್ಲ, ಸೋಸುವ ಶಕ್ತಿಯೂ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಒಣಗಿದ ಜಾಗ ನೋಡಿ ತೀರ್ಮಾನಿಸದೆ, ಆಗಸ್ಟ್‌ನಲ್ಲಿ ನೆರೆಯವರ ಬಾವಿಯಲ್ಲಿ ನೀರು ಎಷ್ಟು ಮೇಲಿತ್ತೆಂದು ಕೇಳಿ. ನೆಲಮಟ್ಟದಿಂದ 180 ಸೆಂ.ಮೀ. ಒಳಗೇ ಅಂತರ್ಜಲವಿದ್ದರೆ ಮಣ್ಣು ಏರಿಸಿ ದಿಬ್ಬದ ಮೇಲೆ ಇಂಗಿಸಬೇಕಾಗುತ್ತದೆ.

ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ ಅಂತರದ್ದು. ಇಂಗುವ ಜಾಗ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್, ಅಂದರೆ ಸುಮಾರು 59 ಅಡಿ ದೂರವಿರಬೇಕು ಎನ್ನುತ್ತದೆ ಅದೇ ಸಂಹಿತೆ. 30-40ರ ಸೈಟಿನ ಮೂಲೆಯಿಂದ ಮೂಲೆಗೆ ಇರುವುದೇ 50 ಅಡಿ! ಅಂಥ ಸೈಟಿನಲ್ಲಿ ಬಾವಿಯನ್ನೂ ಇಂಗುಗುಂಡಿಯನ್ನೂ ಎಲ್ಲಿಟ್ಟರೂ ನಿಯಮ ಪಾಲಿಸಲಾಗದು. ಇನ್ನು ಬತ್ತಿದ ಕೊಳವೆಬಾವಿಗೆ ಟ್ಯಾಂಕಿನ ಪೈಪು ಇಳಿಸುವುದಂತೂ ಇಡೀ ಬಡಾವಣೆಯ ಅಂತರ್ಜಲಕ್ಕೆ ವಿಷ ಹಾಕಿದಂತೆ.

ಈ ಪರೀಕ್ಷೆಗೆ ಪ್ರಯೋಗಾಲಯ ಬೇಡ. ಹಾರೆ, ಕೊಡ, ಸ್ಕೇಲು, ಗಡಿಯಾರ ಸಾಕು. ಮನೆಯ ನಕ್ಷೆಗೆ ಮಂಜೂರಾತಿ ಕೊಡುವ ಪಂಚಾಯಿತಿಗಳು ಮಣ್ಣಿನ ಈ ಲೆಕ್ಕವನ್ನೂ, ಕಾಂಪೌಂಡಿನಾಚೆಗಿನ ಬಾವಿಗಳ ಅಂತರವನ್ನೂ ಅರ್ಜಿಯೊಂದಿಗೇ ಕೇಳಿ ಪಡೆಯಬೇಕು.