ಫ್ಯಾಮಿಲಿ ಗೇಮ್: ರಿಮೋಟ್ ಯಾರ ಕೈಯಲ್ಲಿ?

2024ರ ಡಿಸೆಂಬರ್ 12ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ‘ದಿ ಗೇಮ್ ಅವಾರ್ಡ್ಸ್’ ಸಮಾರಂಭದಲ್ಲಿ ‘ಆಸ್ಟ್ರೋ ಬಾಟ್’ ವರ್ಷದ ಅತ್ಯುತ್ತಮ ಗೇಮ್ ಎಂಬ ಪ್ರಶಸ್ತಿ ಪಡೆಯಿತು. ಅದೇ ರಾತ್ರಿ ಅತ್ಯುತ್ತಮ ಫ್ಯಾಮಿಲಿ ಗೇಮ್ ಪ್ರಶಸ್ತಿಯೂ ಅದಕ್ಕೇ ಹೋಯಿತು. ಮೊದಲನೆಯದರ ಬಗ್ಗೆ ನನ್ನ ತಕರಾರಿಲ್ಲ. ಎರಡನೆಯದನ್ನು ಒಪ್ಪಲಾರೆ. ಈ ಫ್ಯಾಮಿಲಿ ಗೇಮನ್ನು ಒಂದು ಸಲಕ್ಕೆ ಒಬ್ಬರು ಮಾತ್ರ ಆಡಬಹುದು.

ಗೊತ್ತಿಲ್ಲದವರಿಗೆ (ನಮ್ಮ ಲೆಕ್ಚರರ್‌ಗಳಿಗೆ ಎನ್ನೋಣ) ಒಂದು ಮಾತು. ಓಡುತ್ತಾ, ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹಾರುತ್ತಾ, ಗುಂಡಿಗೆ ಬೀಳದೆ ಮುಂದೆ ಹೋಗುವ ಆಟಕ್ಕೆ ಪ್ಲಾಟ್‌ಫಾರ್ಮ್ ಗೇಮ್ ಅನ್ನುತ್ತಾರೆ. ಮಾರಿಯೋ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಆಸ್ಟ್ರೋ ಬಾಟ್ ಆ ಜಾತಿಯದೇ. ಪುಟ್ಟ ಬಿಳಿ ರೋಬೋಟ್ ಒಂದು ಕಳೆದುಹೋದ ತನ್ನ ಸಂಗಾತಿಗಳನ್ನು ಹುಡುಕುತ್ತದೆ. ರಕ್ತವಿಲ್ಲ, ಬೈಗುಳವಿಲ್ಲ, ದಾದಿ ಪಕ್ಕದಲ್ಲಿ ಕೂತಿದ್ದರೂ ಮುಜುಗರವಿಲ್ಲ. ವಿಮರ್ಶಕರು ಅದನ್ನು ತಲೆಯ ಮೇಲೆ ಹೊತ್ತು ಮೆರೆದರು. ವಿಮರ್ಶೆಗಳ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ ಅದಕ್ಕೆ 100ಕ್ಕೆ 94.

ನಾನು ಇದನ್ನು ನೋಡಿದ್ದು ಫ್ರೇಜರ್ ಟೌನ್‌ನ ಚಾಚಾ ಮನೆಯಲ್ಲಿ. ‘ನೋಡಿದ್ದು’ ಅಂತಲೇ ಹೇಳಬೇಕು. ಈದ್ ರಜೆಗೆ ಹತ್ತು ಜನ ಸೇರಿದ್ದೆವು, ರಿಮೋಟ್ ಒಂದೇ. ಅದು ದೊಡ್ಡ ಭಾಯ್ ಕೈಯಲ್ಲಿತ್ತು. ವಿಮರ್ಶಕರು ಹೆಚ್ಚು ಹೊಗಳಿದ್ದು ಏನನ್ನು ಗೊತ್ತೇ? ಮಳೆ ಬಿದ್ದರೆ ಹನಿ ಹನಿಯಾಗಿ, ಮರಳ ಮೇಲೆ ನಡೆದರೆ ಒಂದು ಥರ, ಲೋಹದ ಮೇಲೆ ನಡೆದರೆ ಇನ್ನೊಂದು ಥರ ರಿಮೋಟ್ ಅಂಗೈಯಲ್ಲಿ ನಡುಗುತ್ತದಲ್ಲ, ಅದನ್ನು. ಭಾಯ್ ‘ವಾಹ್’ ಅಂದಾಗಲೆಲ್ಲ ಉಳಿದ ಒಂಬತ್ತು ಜನ ಅವರ ಮುಖ ನೋಡುತ್ತಿದ್ದೆವು.

ಸರದಿ ಕೇಳಬಹುದಿತ್ತಲ್ಲ ಅನ್ನಬಹುದು. ಕೇಳಿದೆವು. ತೊಂದರೆ ಇರುವುದು ಆಟದ ಲೆಕ್ಕದಲ್ಲೇ. ಆಸ್ಟ್ರೋ ಒಂದು ಏಟಿಗೆ ಸಾಯುತ್ತದೆ, ಆದರೆ ಲೈಫ್‌ಗಳಿಗೆ ಮಿತಿಯಿಲ್ಲ. ಸತ್ತ ಕ್ಷಣವೇ ಸ್ವಲ್ಪ ಹಿಂದಿನಿಂದ ಮತ್ತೆ ಶುರು. ಹಾಗಾಗಿ ‘ಇದೊಂದು ಸಲ’ ಎನ್ನುವುದು ಮುಗಿಯುವುದೇ ಇಲ್ಲ.

ಅಬ್ಬಾ ಕಾಲದ ಮಾರಿಯೋ ಹೀಗಿರಲಿಲ್ಲ. 1985ರಲ್ಲಿ ಜಪಾನಿನಲ್ಲಿ ಬಂದ ‘ಸೂಪರ್ ಮಾರಿಯೋ ಬ್ರದರ್ಸ್’ ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಮನೆಗಳಿಗೆ ಬಂದದ್ದು ‘ಸಮುರಾಯ್’, ‘ಮೀಡಿಯಾ’ ಎಂಬ ಯಂತ್ರಗಳಲ್ಲಿ, ಕ್ಯಾಸೆಟ್ ರೂಪದಲ್ಲಿ. ಅದರಲ್ಲಿ ಇಬ್ಬರ ಆಟ ಆರಿಸಿದರೆ ಮಾರಿಯೋ ಸತ್ತ ಕೂಡಲೇ ತಾನಾಗಿಯೇ ಲೂಯಿಜಿಯ ಸರದಿ. ಅಬ್ಬಾ ಸತ್ತರೆ ಫುಪ್ಪು ಚಾನ್ಸ್, ಫುಪ್ಪು ಸತ್ತರೆ ಅಬ್ಬಾ ಚಾನ್ಸ್. ಜಗಳ ಬಿಡಿಸಲು ಯಾರೂ ಬರಬೇಕಾಗಿರಲಿಲ್ಲವಂತೆ. ಫುಪ್ಪು ಇವತ್ತಿಗೂ ಅಬ್ಬಾಗಿಂತ ತಾನೇ ಮುಂದೆ ಹೋಗಿದ್ದೆ ಅನ್ನುತ್ತಾರೆ. ಅಬ್ಬಾ ಮಾತು ಬದಲಿಸುತ್ತಾರೆ.

ಹಿಂದಿನ ವರ್ಷ, 2023ರಲ್ಲಿ, ಇದೇ ಫ್ಯಾಮಿಲಿ ಪ್ರಶಸ್ತಿ ‘ಸೂಪರ್ ಮಾರಿಯೋ ಬ್ರದರ್ಸ್ ವಂಡರ್’ಗೆ ಸಿಕ್ಕಿತ್ತು. ಅದನ್ನು ನಾಲ್ವರು ಒಟ್ಟಿಗೆ ಆಡಬಹುದು. ಸ್ವಿಚ್ ಯಂತ್ರದ ಜೊತೆಗೇ ಎರಡು ಚಿಕ್ಕ ರಿಮೋಟ್ ಬರುತ್ತವೆ, ಅಡ್ಡ ಹಿಡಿದರೆ ಇಬ್ಬರಿಗೆ ಸಾಕು. ಹಲಸೂರಿನ ಗೆಳತಿಯೊಬ್ಬಳ ಮನೆಯಲ್ಲಿದೆ. ನಿಂಟೆಂಡೊ ತನ್ನ ಯಂತ್ರವನ್ನು ಭಾರತದಲ್ಲಿ ತಾನೇ ಮಾರುವುದಿಲ್ಲ, ಇದು ಅವಳ ಮಾಮು ದುಬೈಯಿಂದ ತಂದದ್ದು. ಅದರಲ್ಲಿ ಯೋಶಿಯನ್ನು ಆರಿಸಿಕೊಂಡರೆ ಶತ್ರು ತಾಗಿದರೂ ಏನೂ ಆಗುವುದಿಲ್ಲ, ಗುಂಡಿಗೆ ಮಾತ್ರ ಬೀಳಬಾರದು. ಉಳಿದವರು ಅದರ ಬೆನ್ನೇರಿ ಹೋಗಬಹುದು. ಸತ್ತವರು ದೆವ್ವವಾಗಿ ತೇಲುತ್ತಾರೆ. ಐದು ಸೆಕೆಂಡಿನೊಳಗೆ ಜೊತೆಗಾರರನ್ನು ಮುಟ್ಟಿದರೆ ಬದುಕಿ ಬರುತ್ತಾರೆ. ಗೆಳತಿಯ ಅಮ್ಮಿ ಅಡುಗೆಮನೆಯಿಂದ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಯೋಶಿಯಾಗಿ ಒಂದಿಡೀ ಲೆವೆಲ್ ಮುಗಿಸಿದ್ದನ್ನು ನಾನೇ ಕಂಡಿದ್ದೇನೆ. ಕೆಲವು ವಿಮರ್ಶಕರು ಈ ಗೇಮ್ ‘ತುಂಬಾ ಸುಲಭ’ ಅಂದರು. ಅವರ ಅಮ್ಮಂದಿರು ಆಡಿದ್ದರೋ ಇಲ್ಲವೋ.

ದೋಷವಿಲ್ಲ ಅನ್ನುತ್ತಿಲ್ಲ. ಕಿರೀಟ ಇದ್ದವರ ಹಿಂದೆಯೇ ಕ್ಯಾಮೆರಾ ಓಡುತ್ತದೆ, ನಿಧಾನದವರು ಪರದೆಯಿಂದ ಹೊರಗುಳಿಯುತ್ತಾರೆ. ವಿಮರ್ಶಕರು ಇದನ್ನು ಸರಿಯಾಗಿಯೇ ಬೈದಿದ್ದಾರೆ. ಆಸ್ಟ್ರೋ ಬಾಟ್ ಬಗ್ಗೆ ಇಷ್ಟು ಸೂಕ್ಷ್ಮವಾಗಿ ಯೋಚಿಸಿದ್ದರೆ ಒಂಟಿ ರಿಮೋಟಿನ ಮಾತು ಇನ್ನಷ್ಟು ಜೋರಾಗಿ ಬರುತ್ತಿತ್ತು. ನಾನು ಓದಿದ ವಿಮರ್ಶೆಗಳಲ್ಲಿ ‘ಫ್ಯಾಮಿಲಿ’ ಅಂದರೆ ಹೊಡೆದಾಟ ಕಡಿಮೆ ಅಂತಷ್ಟೇ ಅರ್ಥ. ಅವರವರ ಕೋಣೆಯಲ್ಲಿ ಅವರವರ ಯಂತ್ರ ಇರುವವರಿಗೆ ಅಷ್ಟು ಸಾಕೇನೋ. ಇಂಥ ದುಬಾರಿ ವಸ್ತು ಇಡೀ ಖಾನ್‌ದಾನಿಗೆ ಒಂದೇ ಇರುವಲ್ಲಿ, ಅದು ಯಾರ ಕೈಗೆ ಬರುತ್ತದೆ ಎಂಬುದೇ ಮೊದಲ ಪ್ರಶ್ನೆ.

ಹುಡುಗಿಯರಿಗಂತೂ ಇದು ಸಣ್ಣ ವಿಷಯವಲ್ಲ. ಶಿವಾಜಿನಗರದ ನಮ್ಮ ಗಲ್ಲಿಯ ಗೇಮ್ ಪಾರ್ಲರ್‌ನಲ್ಲಿ ಗಂಟೆ ಲೆಕ್ಕದಲ್ಲಿ ಯಾರು ಬೇಕಾದರೂ ಆಡಬಹುದು. ಹುಡುಗಿಯರು ಬರಬಾರದು ಅಂತ ಬೋರ್ಡೇನೂ ಇಲ್ಲ. ಆದರೂ ಒಬ್ಬಳೂ ಹೋಗುವುದಿಲ್ಲ. ನಮಗೆ ಗೇಮ್ ಸಿಕ್ಕರೆ ಮನೆಯಲ್ಲೇ ಸಿಗಬೇಕು, ಮನೆಯಲ್ಲಿ ರಿಮೋಟ್ ಒಂದೇ ಆದರೆ ನಾವು ಪ್ರೇಕ್ಷಕರು.

ಬೆಂಗಳೂರು ಗೇಮ್‌ಗಳಿಗೆ ಹೊಸ ಊರಲ್ಲ. ಧ್ರುವ ಇಂಟರಾಕ್ಟಿವ್ ಇಲ್ಲಿ ಶುರುವಾದದ್ದು 1997ರಲ್ಲಿ. 2019ರಲ್ಲಿ ಅದನ್ನು ಕೊಂಡದ್ದು ರಾಕ್‌ಸ್ಟಾರ್, ಅಂದರೆ ಜಿಟಿಎ ಮಾಡುವವರು (ಫ್ಯಾಮಿಲಿ ಗೇಮ್ ಬೇಡವೆಂದು ಕಾಣುತ್ತದೆ). ಗೇಮ್ ಮಾಡುವ ಕೆಲಸ ಇಲ್ಲಿ ನಡೆಯುವಾಗ, ಗೇಮ್ ಹೇಗಿದೆ ಎಂಬ ತೀರ್ಪನ್ನೂ ನಾವು ಬರೆಯಬಹುದು. ಅಂಕ ಕೊಡುವ ಮುನ್ನ ಎಷ್ಟು ಜನ ಆಡಿದರು, ಎಷ್ಟು ಜನ ಬರೀ ನೋಡಿದರು ಎಂದು ಎಣಿಸಿದರೆ ಆಯಿತು.

ಕಾಲೇಜಿನ ಫೆಸ್ಟ್‌ನಲ್ಲಿ ಗೇಮ್ ಅಂದರೆ ಫೋನಿನ ಶೂಟಿಂಗ್ ಸ್ಪರ್ಧೆ ಮಾತ್ರ, ಹೆಸರು ಕೊಡುವವರೆಲ್ಲ ಹುಡುಗರೇ. ಈ ಸಲ ಅದರ ಪಕ್ಕದಲ್ಲೇ ಒಂದು ಮಾರಿಯೋ ಸ್ಟಾಲ್ ಇಡಲು ಪ್ರಿನ್ಸಿಪಾಲ್ ಮೇಡಂ ಅವರಲ್ಲಿ ಕೇಳಿಕೊಳ್ಳುತ್ತೇನೆ. ಸ್ವಿಚ್ ಕೊಡಲು ಹಲಸೂರಿನ ಗೆಳತಿ ಒಪ್ಪಿದ್ದಾಳೆ. ನಾಲ್ಕು ರಿಮೋಟ್ ಹೊಂದಿಸುತ್ತೇವೆ. ಕಂಪ್ಯೂಟರ್ ಲ್ಯಾಬಿನ ಪ್ರೊಜೆಕ್ಟರ್ ಒಂದು ಸಿಕ್ಕರೆ ಸಾಕು. ಯೋಶಿಯನ್ನು ಲೆಕ್ಚರರ್‌ಗಳಿಗೇ ಬಿಟ್ಟುಕೊಡುತ್ತೇವೆ.